ಅರಳಿಕಟ್ಟೆಯ ಹರಾಜು

ನಮ್ಮ ಬಿಂಡಿಗನವಿಲೆ ಹೋಬಳಿಯ ಕಡೆ ‘ಅವಿರೋಧ ಆಯ್ಕೆ’ ಅಂದರೆ ಊರಿಗೆ ಸಿಕ್ಕ ಬಿರುದಿದ್ದ ಹಾಗೆ. ‘ನಮ್ಮೂರಲ್ಲಿ ಎಲೆಕ್ಷನ್ನೇ ಇಲ್ಲ ಕಣ್ರೀ, ಕೂತು ಮಾತಾಡ್ಕಂಡು ಒಬ್ಬರನ್ನ ಮಾಡ್ಬುಟ್ವಿ’ ಎಂದು ಮೀಸೆ ತಿರುವಿ ಹೇಳುವವರಿದ್ದಾರೆ. ಕೇಳುವುದಕ್ಕೂ ಚೆನ್ನಾಗಿಯೇ ಇರುತ್ತದೆ. ಹೆಂಡ ಹರಿಯಲಿಲ್ಲ, ಅಣ್ಣತಮ್ಮಂದಿರು ಹೊಡೆದಾಡಲಿಲ್ಲ, ಖರ್ಚೂ ಉಳಿಯಿತು. ಆದರೆ ನಾನು ಪ್ರೈಮರಿ ಸ್ಕೂಲಿನ ಮೇಷ್ಟ್ರಾಗಿದ್ದವನು. ಮತಪೆಟ್ಟಿಗೆ ಹೊತ್ತು ಊರೂರು ಸುತ್ತಿ, ಅರಗು ಕರಗಿಸಿ ಮೊಹರು ಒತ್ತಿದ ಕೈ ಇದು. ಕೂತು ತೀರ್ಮಾನ ಮಾಡಿದವರು ಯಾರು, ದೂರ ನಿಂತು ಕೇಳಿಸಿಕೊಂಡವರು ಯಾರು ಎಂದು ಕೇಳದೆ ಇರಲಾರೆ.

ಬಿಂಡಿಗನವಿಲೆ ಗರುಡನ ಊರು. ಚೆನ್ನಕೇಶವನ ಗುಡಿ ಇದ್ದರೂ ಹೊರಗಿನವರಿಗೆ ಊರಿನ ಹೆಸರು ಹೇಳಿದೊಡನೆ ನೆನಪಾಗುವುದು ಗರುಡ. ಅಲ್ಲಿಂದ ಹತ್ತಿರದ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ, ಎದುರಿಗೆ ಊರಿಗೆ ಹೆಸರು ಕೊಟ್ಟ ಎತ್ತರದ ಕಂಬ. ಇಷ್ಟು ಹಳೆಯ ನಾಡಿನಲ್ಲಿ ‘ಕೂತು ಮಾತಾಡುವುದು’ ಹೊಸದೇನಲ್ಲ. ಕನ್ನಡನಾಡಿನ ಅಗ್ರಹಾರಗಳ ಶಾಸನಗಳಲ್ಲಿ ಮಹಾಜನರು ಸೇರಿ ದತ್ತಿ ಕೊಟ್ಟ, ಕೆರೆ ನೋಡಿಕೊಂಡ ಸಂಗತಿ ಬೇಕಾದಷ್ಟಿವೆ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದಲ್ಲೇ ಓಲೆಗರಿಯ ಮೇಲೆ ಹೆಸರು ಬರೆದು ಕೊಡದಲ್ಲಿ ಹಾಕಿ ಎತ್ತಿ ಸಮಿತಿ ಮಾಡುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ನೆಂಟರೂ ಮತ್ತೆ ಕೊಡದೊಳಗೆ ಬರುವಂತಿರಲಿಲ್ಲ. ಈ ಒಂದು ನಿಯಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆ ಸಭೆಗಳಲ್ಲಿ ಕೂರುತ್ತಿದ್ದವರು ಅಗ್ರಹಾರದ ಬ್ರಾಹ್ಮಣ ಗೃಹಸ್ಥರು ಮಾತ್ರ. ಉತ್ತವನಿಗೆ, ಕೆರೆಯ ಹೂಳು ಎತ್ತಿದವಳಿಗೆ ಅಲ್ಲಿ ಜಾಗವಿರಲಿಲ್ಲ. ನಮ್ಮ ಹಿರಿಯರು ಪ್ರಜಾಪ್ರಭುತ್ವವನ್ನು ಆಗಲೇ ಕಂಡಿದ್ದರು ಎಂದು ಭಾಷಣ ಮಾಡುವವರು ಈ ಮಾತನ್ನು ನುಂಗಿಕೊಳ್ಳುತ್ತಾರೆ.

ಆಮೇಲಿನ ಕಾಲ ಪಟೇಲರದು, ಶಾನುಭೋಗರದು. ಕಂದಾಯ ವಸೂಲಿ, ಊರ ಕಾವಲು ಪಟೇಲರ ಕೈಯಲ್ಲಿ, ಪಹಣಿ, ಲೆಕ್ಕ ಶಾನುಭೋಗರ ಕಡತದಲ್ಲಿ. ಅಪ್ಪನಿಂದ ಮಗನಿಗೆ ಹೊಲ ಬರುವಂತೆ ಅಧಿಕಾರವೂ ಬರುತ್ತಿತ್ತು. ತೋಟಿ, ತಳವಾರ, ನೀರುಗಂಟಿಯ ಚಾಕರಿಯೂ ಹಾಗೆಯೇ ಇಳಿದು ಬರುತ್ತಿತ್ತು. ವಂಶಪಾರಂಪರ್ಯ ಅನ್ನುವುದು ಮೇಲಿನವರಿಗೆ ಗದ್ದುಗೆಯಾಗಿತ್ತು, ಕೆಳಗಿನವರಿಗೆ ಬಿಟ್ಟಿ ದುಡಿಮೆಯಾಗಿತ್ತು. ಚಾವಡಿಯ ಮುಂದೆ ಹಾದು ಹೋಗುವಾಗ ಎಕ್ಕಡ ಕೈಗೆ ತೆಗೆದುಕೊಂಡು ನಡೆಯುತ್ತಿದ್ದುದನ್ನು ನಮ್ಮಜ್ಜಿ ಯಾವ ಸಿಟ್ಟೂ ಇಲ್ಲದೆ, ಮಳೆ ಬಂದ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು.

ಮೈಸೂರು ಸಂಸ್ಥಾನಕ್ಕೆ ಈ ವಿಷಯದಲ್ಲಿ ದೊಡ್ಡ ಹೆಸರಿದೆ. 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಕರೆಸಿದರು. ತಾಲ್ಲೂಕುಗಳಿಂದ ಬಂದವರು ದೊಡ್ಡ ಹಿಡುವಳಿಯ ರೈತರು, ಪೇಟೆಯ ವರ್ತಕರು. ಅಹವಾಲು ಹೇಳಬಹುದು, ಕಾನೂನು ಮಾಡುವಂತಿಲ್ಲ. ಹತ್ತು ವರ್ಷದ ಮೇಲೆ ಚುನಾವಣೆ ಬಂದರೂ ಮತ ಇದ್ದದ್ದು ಕಂದಾಯದ ಮೊತ್ತ ನೋಡಿ. 1923ರ ಸುಧಾರಣೆಯಲ್ಲಿ ಹೆಂಗಸರಿಗೆ ಇದ್ದ ಅಡ್ಡಿ ತೆಗೆದರು. ಆದರೂ ಆಸ್ತಿಯ ಬೇಲಿ ಹಾಗೇ ಉಳಿಯಿತು. ಒಳ್ಳೆಯ ದಿವಾನರು, ಒಳ್ಳೆಯ ಮಹಾರಾಜರು ಇದ್ದರು, ಒಪ್ಪೋಣ. ಕೊಟ್ಟಷ್ಟನ್ನು ತೆಗೆದುಕೊಂಡು ಕೈಮುಗಿಯಬೇಕಾದ ಕಾಲವೂ ಅದೇ. ಜವಾಬ್ದಾರಿ ಸರ್ಕಾರ ಬೇಕೆಂದು ಕೇಳಿದಾಗ ಸಿಕ್ಕಿದ್ದು ನಿಷೇಧಾಜ್ಞೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ, ತಿರುಮಲೇಗೌಡರು ಬಿಟ್ಟುಕೊಟ್ಟ ಜಮೀನಿನಲ್ಲಿ, ಟಿ. ಸಿದ್ದಲಿಂಗಯ್ಯನವರು ಆಜ್ಞೆ ಮುರಿದು ಬಾವುಟ ಹಾರಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಆಗ ಮಂಡ್ಯ ಇನ್ನೂ ಜಿಲ್ಲೆಯೇ ಆಗಿರಲಿಲ್ಲ, ಆದದ್ದು ಮರುವರ್ಷದ ಜುಲೈನಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ‘ಮೈಸೂರು ಚಲೋ’ ನಡೆಸಿಯೇ 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ತರಬೇಕಾಯಿತು.

ಹಳ್ಳಿಯ ಮಟ್ಟಿಗೆ ನಿಜವಾದ ಬುಡಮೇಲು 1952ರ ಮೊದಲ ಮಹಾಚುನಾವಣೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಅವನ ಚಿಹ್ನೆ. ಓದು ಬಾರದವರೂ ಚೀಟಿಯನ್ನು ತಮಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರಬಹುದಿತ್ತು. ಮರೆಯೊಳಗೆ ಪಟೇಲರ ಕಣ್ಣೂ ಇಲ್ಲ, ಗಂಡನ ಕಣ್ಣೂ ಇಲ್ಲ. ಪಟೇಲರಿಗೂ ಒಂದು ವೋಟು, ತೋಟಿಗೂ ಒಂದು ವೋಟು. ನಮ್ಮ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂಬುದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಿರುತ್ತದೆ. ಇಂಥ ಕಡೆ ಬಡವನೊಬ್ಬ ಗುಟ್ಟು ಉಳಿಸಿಕೊಳ್ಳಲು ಸಾಧ್ಯವಿದ್ದ ಒಂದೇ ಜಾಗ ಆ ರಟ್ಟಿನ ಮರೆ. 1962ರ ಚುನಾವಣೆಗೆ ನಮ್ಮದೇ ಬೆರಳಿನ ಮಸಿಯೂ ಬಂತು. ತಯಾರಾಗಿದ್ದು ಇಲ್ಲೇ ಮೈಸೂರಿನಲ್ಲಿ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದ ಅರಗು ಬಣ್ಣದ ಕಾರ್ಖಾನೆಯಲ್ಲಿ. ಇವತ್ತಿಗೂ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತದೆ.

ಇನ್ನೊಂದು ತಾರೀಖನ್ನು ಮಕ್ಕಳಿಗೆ ಪಾಠದ ಪುಸ್ತಕ ಹೇಳಿಕೊಡುವುದಿಲ್ಲ: 1963ರ ಫೆಬ್ರುವರಿ 1. ಗ್ರಾಮಾಧಿಕಾರ ರದ್ದತಿ ಕಾಯ್ದೆ ಅಂದು ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆ, ತೋಟಿಕೆ, ತಳವಾರಿಕೆ ಎಲ್ಲವೂ ಆಸ್ತಿಯಾಗಿ ಇಳಿಯುವುದು ಅಂದಿಗೆ ಮುಗಿಯಿತು. ಊರಿನ ಅಧಿಕಾರ ಯಾರ ಸೊತ್ತೂ ಅಲ್ಲ ಎಂದು ಕಾನೂನು ಹೇಳಿದ ದಿನ ಅದು. ಈ ದಿನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1987ರಲ್ಲಿ ಅಬ್ದುಲ್ ನಜೀರ್ ಸಾಬರ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತು ಬಂದವು. ನಮ್ಮಂಥ ಮಳೆ ನಂಬಿದ ತಾಲ್ಲೂಕುಗಳಲ್ಲಿ ಅವರು ‘ನೀರ್ ಸಾಬ್’, ಬೋರ್‌ವೆಲ್ ಕೊರೆಸಿದ ಪುಣ್ಯಾತ್ಮ. ಅಧಿಕಾರವನ್ನೂ ನೀರಿನ ಹಾಗೆ ಕೆಳಕ್ಕೆ ಹರಿಸಲು ಹೊರಟವರು ಅವರು. ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ ಎಂದು ಕಾನೂನಿನಲ್ಲೇ ಬರೆಸಿದರು. ಆದರೆ 1992ರಲ್ಲಿ ಐದು ವರ್ಷ ತುಂಬಿದಾಗ ಹೊಸ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುರ್ಚಿಯಲ್ಲಿ ಕೂತರು. ಮರುವರ್ಷ ಸಂವಿಧಾನದ 73ನೇ ತಿದ್ದುಪಡಿ ಬಂತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿಸಬೇಕು ಎಂದು ಬರೆದದ್ದು ಇಂಥ ಆಟಗಳನ್ನು ಕಂಡೇ. ಬರೆದರೂ ಏನಾಯಿತು? 2016ರಲ್ಲಿ ಆರಿಸಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ತೀರಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎನ್ನುತ್ತಾ ವರ್ಷಗಳೇ ಉರುಳಿದವು. ಇದರಲ್ಲಿ ಯಾವ ಪಕ್ಷವೂ ಇನ್ನೊಂದನ್ನು ಬೆರಳು ಮಾಡಿ ತೋರಿಸುವ ಹಾಗಿಲ್ಲ. ಗ್ರಾಮ ಪಂಚಾಯಿತಿಗೂ 2020ರಲ್ಲಿ ಇದೇ ಗತಿಯಾಗುತ್ತಿತ್ತು. ಕೊರೋನಾ ನೆಪದಲ್ಲಿ ಮುಂದೂಡಿದ್ದನ್ನು ಪ್ರಶ್ನಿಸಿ ಕೆಲವರು ಹೈಕೋರ್ಟಿಗೆ ಹೋದದ್ದಕ್ಕೇ ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆಯಿತು.

ಆ ಚುನಾವಣೆಯಲ್ಲೇ ಹರಾಜಿನ ಸುದ್ದಿ ಪತ್ರಿಕೆಗಳಲ್ಲಿ ತುಂಬಿಕೊಂಡಿತು. ಬಳ್ಳಾರಿ, ಕಲಬುರಗಿ ಕಡೆಯಿಂದ ಬಂತು, ನಮ್ಮ ಮಂಡ್ಯ ಜಿಲ್ಲೆಯಿಂದಲೂ ಬಂತು. ದೇವಸ್ಥಾನದ ಮುಂದೆ, ಇಲ್ಲವೇ ಅರಳಿಕಟ್ಟೆಯ ಮೇಲೆ ಯಜಮಾನರು ಸೇರುತ್ತಾರೆ. ಒಂದು ಸ್ಥಾನಕ್ಕೆ ಇಷ್ಟು ಲಕ್ಷ ಎಂದು ಕೂಗುತ್ತಾರೆ. ಗೆದ್ದವನು ಹಣ ಕಟ್ಟುತ್ತಾನೆ, ಉಳಿದವರು ನಾಮಪತ್ರ ಹಾಕುವುದಿಲ್ಲ, ಹಾಕಿದವರು ವಾಪಸ್ ತೆಗೆಯುತ್ತಾರೆ. ಮೀಸಲು ಸ್ಥಾನವಾದರೆ ಹಣವಂತ ಕೂಗಿ, ತನ್ನ ಮಾತು ಕೇಳುವವರ ಹೆಸರು ಬರೆಸುತ್ತಾನೆ. ಇದು ಅಪರಾಧ, ಕೇಸು ಹಾಕುತ್ತೇವೆ ಎಂದು ರಾಜ್ಯ ಚುನಾವಣಾ ಆಯೋಗ ಎಚ್ಚರಿಸಿತು.

ಪಕ್ಕದೂರಿನ ಹಿರಿಯರೊಬ್ಬರ ಜೊತೆ ಇದೇ ಮಾತು ಬಂತು. ‘ಮೇಷ್ಟ್ರೇ, ನಿಮಗೇನು ನಷ್ಟ? ದುಡ್ಡು ಗುಡಿ ಜೀರ್ಣೋದ್ಧಾರಕ್ಕೆ ತಾನೆ ಹೋಗದು. ಎಲೆಕ್ಷನ್ ಮಾಡುದ್ರೆ ಬ್ರಾಂದಿ ಅಂಗ್ಡಿಗೆ ಹೋಗದು’ ಅಂದರು.

‘ಗೌಡ್ರೇ, ಗುಡಿಗೆ ನಿಮ್ಮ ಹೊಲ ಮಾರಿ ಕೊಡಿ, ಬೇಡ ಅನ್ನಲ್ಲ. ಕೇರಿಯವನ ವೋಟು ನಿಮ್ಮದಲ್ವಲ್ಲ, ಅದನ್ನ ಹೆಂಗೆ ಮಾರಿದ್ರಿ?’

ಅವರು ನಕ್ಕು ಎಲೆಅಡಿಕೆ ಚೀಲ ಬಿಚ್ಚಿದರು. ಉತ್ತರ ಮಾತ್ರ ಕೊಡಲಿಲ್ಲ. ಬ್ರಾಂದಿಯ ಮಾತು ಸುಳ್ಳೆಂದು ನಾನೂ ಹೇಳಲಾರೆ. ಡ್ಯೂಟಿಯ ಹಿಂದಿನ ರಾತ್ರಿ ಶಾಲೆಯ ಕೊಠಡಿಯಲ್ಲಿ ಮಲಗಿ ಊರಿನ ಗದ್ದಲ ಕೇಳಿದವನೇ. ಆದರೆ ಹೆಂಡ ಕುಡಿದವನು ಕೂಡ ಮರೆಯೊಳಗೆ ಹೋಗಿ ತನಗೆ ತೋಚಿದ ಗುರುತಿಗೆ ಒತ್ತಿ ಬರಬಹುದು. ಹಲವರು ಹಾಗೆ ಒತ್ತುತ್ತಾರೆ ಕೂಡ. ಹರಾಜಿನಲ್ಲಿ ಆ ಮರೆಯೇ ಇಲ್ಲ. ಲಕ್ಷಗಟ್ಟಲೆ ಕೊಟ್ಟು ಕೊಂಡವನಿಗೆ ಸ್ಥಾನ ಅವನ ಆಸ್ತಿ. ಹಾಕಿದ ಬಂಡವಾಳವನ್ನು ಚರಂಡಿ, ಬೀದಿದೀಪ, ಉದ್ಯೋಗ ಖಾತರಿ ಕೂಲಿಯಿಂದಲೇ ಎತ್ತಬೇಕು. 1963ರಲ್ಲಿ ಹೋದ ಪಟೇಲಿಕೆ ಈ ದಾರಿಯಲ್ಲಿ ಮತ್ತೆ ಬಂದಿದೆ. ಒಂದೇ ವ್ಯತ್ಯಾಸವೆಂದರೆ ಹಳೆಯದು ಹುಟ್ಟಿನಿಂದ ಬರುತ್ತಿತ್ತು, ಹೊಸದಕ್ಕೆ ದರ ಉಂಟು.

ಹರಾಜು ಮುರಿಯಲು ದೊಡ್ಡ ಚಳವಳಿ ಬೇಕಾಗಿಲ್ಲ. ಅವಿರೋಧ ಎಂದು ಘೋಷಿಸಬೇಕಾದರೆ ಸ್ಥಾನಗಳಿಗಿಂತ ಹೆಚ್ಚು ಅಭ್ಯರ್ಥಿಗಳು ಉಳಿದಿರಬಾರದು. ವಾಪಸ್ ತೆಗೆಯದ ಒಂದೇ ಒಂದು ನಾಮಪತ್ರ ಹೆಚ್ಚಿಗೆ ಇದ್ದರೆ ಮತದಾನ ನಡೆಸಲೇಬೇಕು, ಮತಪೆಟ್ಟಿಗೆ ಬರಲೇಬೇಕು. ಠೇವಣಿಯ ಹಣ ಒಂದು ಚೀಲ ರಾಗಿಯ ಬೆಲೆಯನ್ನೂ ಮುಟ್ಟುವುದಿಲ್ಲ. ಕಷ್ಟ ಇರುವುದು ನಾಮಪತ್ರ ಹಾಕಿದವನನ್ನು ಊರು ನೋಡುವ ರೀತಿಯಲ್ಲಿ. ‘ಊರೊಟ್ಟಿಗೆ ವಿರುದ್ಧ ಹೋದ’ ಅನ್ನುತ್ತಾರೆ, ಮದುವೆಗೆ ಕರೆಯುವುದಿಲ್ಲ. ಆದ್ದರಿಂದ ಒಬ್ಬನೇ ಹೋಗಬಾರದು. ಸೂಚಕರ ಜೊತೆ ನಾಲ್ಕು ಮನೆಯವರು ಪಂಚಾಯಿತಿ ಕಚೇರಿಯ ತನಕ ನಡೆದು ಹೋಗಬೇಕು. ಆಮಿಷ ಒಡ್ಡಿ ಅಭ್ಯರ್ಥಿಯನ್ನು ಹಿಂದೆ ಸರಿಸುವುದು ಕಾನೂನಿಗೆ ಲಂಚವೇ ಎಂಬುದನ್ನು ಚುನಾವಣಾಧಿಕಾರಿಗೆ ಬರವಣಿಗೆಯಲ್ಲಿ ಕೊಡಬೇಕು.

ಮತದಾರರ ಪಟ್ಟಿಯ ಮೇಲೂ ಕಣ್ಣಿಡಿ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯಲು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಿದ್ದಿದ್ದವು. ವಿಚಾರಿಸಿದಾಗ ಸರಿಯಾಗಿದ್ದದ್ದು 24. ಇದು ಬಯಲಿಗೆ ಬಂದದ್ದು ಮತಗಟ್ಟೆ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರೇ ತೆಗೆಯುವ ಪಟ್ಟಿಯಲ್ಲಿರುವುದನ್ನು ಕಂಡು ಅನುಮಾನಪಟ್ಟಿದ್ದರಿಂದ. ಕರಡು ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದಾಗ ನಿಂತು ಓದುವವರು ತೀರಾ ಕಡಿಮೆ ಎಂದು ನಾನು ಬಲ್ಲೆ. ಎಷ್ಟೋ ಸಲ ಆಡುಗಳು ಅದನ್ನು ಹರಿದು ತಿಂದದ್ದೂ ಉಂಟು.

ಗ್ರಾಮಸಭೆಯ ಕಥೆ ಇನ್ನೂ ಬೇರೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯ್ದೆ ಹೇಳುತ್ತದೆ. ಎಷ್ಟೋ ಕಡೆ ಸೇರುವುದು ನಡವಳಿ ಪುಸ್ತಕ ಮಾತ್ರ. ಅದು ಮನೆಮನೆಗೆ ಹೋಗುತ್ತದೆ, ಜನ ಓದದೆ ಸಹಿ ಹಾಕುತ್ತಾರೆ, ಇಲ್ಲವೇ ಹೆಬ್ಬೆಟ್ಟು ಒತ್ತುತ್ತಾರೆ. ಆ ಹೆಬ್ಬೆಟ್ಟಿನ ಮೇಲೆ ಫಲಾನುಭವಿಗಳ ಪಟ್ಟಿ ಮಂಜೂರಾಗುತ್ತದೆ. ಪುಸ್ತಕ ಬಾಗಿಲಿಗೆ ಬಂದರೆ ‘ಸಭೆ ಯಾವತ್ತು, ಎಲ್ಲಿ?’ ಎಂದು ಕೇಳಿ. ತಾರೀಖು ಹೇಳದಿದ್ದರೆ ಸಹಿ ಹಾಕದೆ ವಾಪಸ್ ಕಳಿಸಿ.

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಿಮ್ಮ ಪಂಚಾಯಿತಿಯಲ್ಲಿ ಜಮಾಬಂದಿ ಇರುತ್ತದೆ. ಹಿಂದಿನ ವರ್ಷದ ಜಮೆ, ಖರ್ಚು, ಕಾಮಗಾರಿ ಎಲ್ಲವನ್ನೂ ಊರಿನ ಮುಂದೆ ಇಡಬೇಕಾದ ದಿನ ಅದು. ತಾರೀಖು ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂತು ಲೆಕ್ಕವನ್ನು ಗಟ್ಟಿಯಾಗಿ ಓದಿಸಿ, ಚರಂಡಿ ಆಗಿದೆ ಎಂದು ಬರೆದ ಕಡೆಗೆ ಅಧಿಕಾರಿಯನ್ನು ನಡೆಸಿಕೊಂಡು ಹೋಗಿ ತೋರಿಸಿ ಎನ್ನಿ.