ಸೇಂಟ್ ಮೇರಿಸ್‌ನ ಕಲ್ಲುಕಂಬಗಳು

ಮಲ್ಪೆಯಿಂದ ದೋಣಿ ಹೊರಟಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮೊಮ್ಮಗನಿಗೆ ಹೇಳುತ್ತಿದ್ದರು: ‘ವಾಸ್ಕೋ ಡ ಗಾಮ ಮೊದಲು ಇಳಿದದ್ದು ಈ ದ್ವೀಪದಲ್ಲಿ. ಕಲ್ಲಿಕೋಟೆಗೆ ಹೋದದ್ದು ಆಮೇಲೆ.’ ಕರಾವಳಿಯಲ್ಲಿ ಈ ಮಾತು ಕೇಳದವರು ಕಡಿಮೆ. ನಾನೂ ಬಹಳ ಕಾಲ ನಂಬಿದ್ದೆ.

ದ್ವೀಪದಲ್ಲಿ ಕಾಲಿಟ್ಟರೆ ಗಾಮನ ನೆನಪು ಹಾರಿಹೋಗುತ್ತದೆ. ಯಾರೋ ಕಲ್ಲುಕುಟಿಗರು ಕೆತ್ತಿ ನಿಲ್ಲಿಸಿ, ಕೂಲಿ ಕೇಳದೆ ಹೋದಂತೆ ಕಂಬಗಳ ಸಾಲು. ಐದು ಮೂಲೆಯವು, ಆರು ಮೂಲೆಯವು, ಅಲ್ಲೊಂದು ಇಲ್ಲೊಂದು ಏಳು ಮೂಲೆಯದು. ಕೆಲವು ಮೂರಾಳೆತ್ತರ, ಕೆಲವು ಅಲೆ ತಿಂದು ಮೆಟ್ಟಿಲಿನಂತಾಗಿವೆ. ಲಾವಾ ತಣಿಯುವಾಗ ಕುಗ್ಗಿ, ಬೇಸಿಗೆಯ ಕೆರೆಯ ಕೆಸರಿನಂತೆ ಬಿರಿಯುತ್ತದೆ. ಬಿರುಕು ಒಳಗೊಳಗೆ ಇಳಿದಂತೆ ಕಂಬಗಳು ಬೇರೆಯಾಗುತ್ತವೆ. ಜನ ಇದನ್ನು ಬಸಾಲ್ಟ್ ಎನ್ನುತ್ತಾರೆ. ಭೂವಿಜ್ಞಾನಿಗಳ ಪರೀಕ್ಷೆಯಲ್ಲಿ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಬಗೆಯ ಶಿಲೆ. ವಯಸ್ಸು ಸುಮಾರು 8.8 ಕೋಟಿ ವರ್ಷ. ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಕಳಚಿಕೊಂಡ ಕಾಲದ ಬೆಂಕಿ ಇಲ್ಲಿ ಕಲ್ಲಾಗಿದೆ.

ಇನ್ನು ಗಾಮನ ವಿಷಯ. ಅವನ ಜೊತೆ ಬಂದವನೊಬ್ಬ ಬರೆದಿಟ್ಟ ದಿನಚರಿ ಉಳಿದಿದೆ. ಅದರಂತೆ 1498ರ ಮೇ ತಿಂಗಳಲ್ಲಿ ಹಡಗುಗಳು ಆಫ್ರಿಕದ ದಡದಿಂದ ನೇರ ಕಲ್ಲಿಕೋಟೆಯ ಕಡೆಗೇ ಬಂದವು. ಅಲ್ಲಿಯ ಅರಸ ಸಾಮೂದಿರಿಯೊಡನೆ ವ್ಯಾಪಾರ ಕುದುರಲಿಲ್ಲ. ಊರಿನ ಕೆಲವರನ್ನು ಸೆರೆಯಾಳುಗಳಾಗಿ ಇಟ್ಟುಕೊಂಡೇ ಗಾಮ ಆಗಸ್ಟ್ ಕೊನೆಗೆ ಹೊರಟ. ಉತ್ತರಕ್ಕೆ ಸಾಗುವಾಗ, ಸೆಪ್ಟೆಂಬರಿನಲ್ಲಿ, ದಡದಾಚೆಯ ಸಣ್ಣ ದ್ವೀಪವೊಂದರಲ್ಲಿ ಕಲ್ಲುಕಂಬ ನೆಡಿಸಿದ. ಅವನ ದೊರೆ ಹೆಸರಿಟ್ಟು ಕಳಿಸಿದ್ದ ಮೂರು ಕಂಬಗಳಲ್ಲಿ ಅದು ಸಾಂತಾ ಮರಿಯ. ಆ ದ್ವೀಪ ಇದೇ ಎಂಬುದು ರೂಢಿ. ಹಾಗಿದ್ದರೆ ಇದು ಬಂದವನ ಮೊದಲ ಹೆಜ್ಜೆಯಲ್ಲ, ಮುನಿಸಿಕೊಂಡು ಹೊರಟವನ ಗುರುತು.

1502ರಲ್ಲಿ ಅವನು ಮತ್ತೆ ಬಂದ. ಭಟ್ಕಳವನ್ನು ಬೆದರಿಸಿ ಅಕ್ಕಿಯ ಕಪ್ಪ ಕೇಳಿದ. ಬಳಿಕ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ‘ಮೀರಿ’ ಹಡಗನ್ನು ದೋಚಿ, ಹೆಂಗಸರು ಮಕ್ಕಳು ಒಳಗಿದ್ದಂತೆಯೇ ಸುಡಿಸಿದ. ಇದನ್ನು ಬರೆದಿಟ್ಟವರೂ ಅವನ ಪಡೆಯವರೇ. ದ್ವೀಪದ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ, ಮರಿಯಮ್ ನಮಗೂ ಗೌರವದ ಹೆಸರು. ಇಲ್ಲಿನವರ ‘ತೋನ್ಸೆಪಾರ್’ ಕೂಡ ಚೆಂದವೇ. ತಕರಾರು ಇರುವುದು ಗಾಮನನ್ನು ನಮ್ಮೂರಿನ ಮೊದಲ ಅತಿಥಿಯಾಗಿಸಿದ ಕತೆಯ ಮೇಲೆ.

ಹಿಂದಿರುಗುವಾಗ ಇದಿಷ್ಟನ್ನು ಆ ಹಿರಿಯರಿಗೆ ಹೇಳಿದೆ. ಅವರು ಸುಮ್ಮನಿದ್ದರು. ಮೊಮ್ಮಗ ಕೇಳಿದ: ‘ಹಾಗಾದರೆ ಅವ ನೆಟ್ಟ ಕಂಬ ಎಲ್ಲಿ?’ ನನಗಂತೂ ಕಾಣಲಿಲ್ಲ ಎಂದೆ. ಹುಡುಗ ಹಿಂದೆ ತಿರುಗಿ ಉಳಿದವನ್ನು ಎಣಿಸತೊಡಗಿದ.