ನಮ್ಮ ಕಟ್ಟೆಗೆ ಬಂದ ಕಳೆ, ನಮ್ಮ ಕಟ್ಟೆಗೆ ಬಂದ ಮೀನು

ಹೋದ ವಾರ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ಅವಳನ್ನ ಕೊಟ್ಟಿರದು ಗುಂಡ್ಲುಪೇಟೆ ತಾಲ್ಲೂಕಿಗ. "ಅಕ್ಕಾ, ಕಟ್ಟೆ ತುಂಬ ಅಂತರಗಂಗೆ ಹಬ್ಕಂಡದ, ನೀರೇ ಕಾಣದಿಲ್ಲ. ಔಷಧಿ ಹೊಡ್ದುಬುಡದು ಅಂತವ್ರ ಇವ್ರು. ದನ ಅದೇ ನೀರ ಕುಡಿಯದು. ಏನ್ ಮಾಡ್ಲಿ ಹೇಳು" ಅಂದ್ಲು. ಹೊಡೀಬ್ಯಾಡಿ, ಎರಡು ದಿನ ತಡೀರಿ, ಬರೆದು ಕಳಿಸ್ತೀನಿ ಅಂತ ಹೇಳ್ದೆ. ಬರೀತಾ ಕೂತ್ರೆ ಅದು ಬರೀ ಕಳೆ ಮಾತಾಗಿ ನಿಲ್ಲಲಿಲ್ಲ. ಈ ಕಳೆ ಎಲ್ಲಿಂದ ಬಂತು, ನಮ್ಮ ಅತ್ತೆ ಕಾಲದಲ್ಲಿ ಯಾಕೆ ಇರಲಿಲ್ಲ ಅನ್ನೋದೆಲ್ಲ ಸೇರ್ಕಂತು. ಅವಳೊಬ್ಬಳಿಗೇ ಯಾಕೆ, ಕೃಷಿ ಹೊಂಡ ಇರೋ ಮನೆ ಈಗ ಊರೂರಲ್ಲೂ ಅವೆ. ನೀವೂ ಓದ್ಕಳ್ಳಿ.

ಮೊದಲು ಹಳೇ ಕಟ್ಟೆ ಹೆಂಗಿತ್ತು ಅಂತ ಹೇಳ್ಬೇಕು. ನಮ್ಮದು ಮಳೆ ನೆರಳಿನ ಸೀಮೆ. ಆಚೆ ವಯನಾಡಲ್ಲಿ ಸುರಿಯೋ ಮಳೇಲಿ ಅರ್ಧವೂ ಇಲ್ಲಿಗ ಬರದಿಲ್ಲ. ಅದಕ್ಕೇ ಹಿಂದಿನವರು ಹಳ್ಳ ಕಂಡಲ್ಲೆಲ್ಲ ಕಟ್ಟೆ ಕಟ್ಟಿದರು, ಕೆರೆ ತೋಡಿದರು. ಚಾಮರಾಜನಗರದ ಪೇಟೇಲಿ ದೊಡ್ಡರಸಿನಕೊಳ, ಚಿಕ್ಕರಸಿನಕೊಳ ಅಂತ ಅರಸರ ಹೆಸರಲ್ಲೇ ಕೊಳಗಳು ಅವೆ. ಊರಿಗೆ ಚಾಮರಾಜನಗರ ಅನ್ನೋ ಹೆಸರು ಬಂದದ್ದೇ 1818ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರು ಅಂತ ಇಟ್ಟದ್ದು. ಅದಕ್ಕ ಮುಂಚೆ ಅರಿಕುಠಾರ. ಅರಸರ ಕೊಳಕ್ಕೆ ಕಲ್ಲಿನ ಮೆಟ್ಟಿಲು, ನಮ್ಮಂಥವರ ಕಟ್ಟೆಗೆ ಮಣ್ಣಿನ ಏರಿ, ಅಷ್ಟೇ ವ್ಯತ್ಯಾಸ.

ನಮ್ಮ ಮನೆ ಹಿಂದಿನ ಕಟ್ಟೆಯನ್ನ ತೋಡಿಸಿದ್ದು ನಮ್ಮ ಮಾವನವರ ಅಪ್ಪ. ನಾನು ಮದುವೆಯಾಗಿ ಬಂದಾಗ ಅದು ಪ್ರತಿ ವರ್ಷ ಬೇಸಿಗೇಲಿ ಒಣಗತಿತ್ತು. ಶಿವರಾತ್ರಿ ಕಳೆದ ಮೇಲೆ ಮೊಳಕಾಲುದ್ದ ನೀರು. ಯುಗಾದಿ ಹೊತ್ತಿಗೆ ಕೆಸರು. ಆಗ ಮನೆಯವರು, ಪಕ್ಕದವರು ಎಲ್ಲ ಇಳಿದು ಮೀನು ಹಿಡಿಯೋರು. ಗೆಂಡೆ, ಕೊರವ, ಚೇಳುಮೀನು. ಒಂದು ಕುಕ್ಕೆ ನಮಗ, ಒಂದು ಪಾಲು ಕೆಲಸದವರಿಗೆ, ಒಂದಿಷ್ಟು ಎದುರು ಮನೆಗೆ. ಮೀನು ಮುಗಿದ ಮೇಲೆ ಗೋಡು ಎತ್ತೋರು. ಗಾಡಿಗಟ್ಟಲೆ ಗೋಡು ಅರಿಶಿನದ ಹೊಲಕ್ಕೆ, ಬಾಳೆ ಪಾತಿಗೆ ಹೋಗದು. ನಮ್ಮ ಅತ್ತೆ ಇದನ್ನ ಕಟ್ಟೆ ತೊಳೆಯೋದು ಅನ್ನೋರು. ಮನೆ ಸಾರಿಸ್ದಂಗೆ ಕಟ್ಟೆಗೂ ವರ್ಷಕ್ಕೊಂದು ಸಲ.

ನೋಡಿ, ಕಳೆ ಮತ್ತು ಮೀನು ಎರಡರ ಲೆಕ್ಕವೂ ಇಲ್ಲೇ ಸರಿಹೋಗತಿತ್ತು. ಬಿಸಿಲಿಗೆ ಕೆಸರು ಬಿರುಕು ಬಿಟ್ಟಾಗ ನೀರಿನ ಕಳೆಯ ಬೇರು ಸುಟ್ಟುಹೋಗದು. ಗೋಡಿನ ಜೊತೆ ಗಡ್ಡೆ, ಬೀಜ ಎಲ್ಲ ಹೊಲಕ್ಕೆ ಹೋಗಿ ಗೊಬ್ಬರ ಆಗದು. ಕೊರವ, ಚೇಳುಮೀನಿನಂಥವು ಗಾಳಿಯನ್ನೇ ಉಸಿರಾಡೋ ಮೀನು, ಒಂದಿಷ್ಟು ಕೆಸರಲ್ಲಿ ಉಳ್ಕಂಡು ಮಳೆ ಬಂದಾಗ ಮತ್ತೆ ಮರಿ ಮಾಡವು. ಉಳಿದವು ಹೊಸ ನೀರಿನ ಜೊತೆ ಹಳ್ಳದಿಂದ ಏರಿ ಬರವು. ಯಾರೂ ಮರಿ ಕೊಂಡು ತಂದು ಬಿಟ್ಟಿದ್ದನ್ನ ನಾನು ನೋಡಿರಲಿಲ್ಲ.

ಮೀನು ಸಾಕೋದು ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದಲ್ಲಿ, ಅಂದ್ರೆ ಈಗಿನ ಬಸವಕಲ್ಯಾಣದಲ್ಲಿ ಆಳಿದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಅಂತ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಬರೆಸಿದ. ಅಡುಗೆಯಿಂದ ಹಿಡಿದು ಆನೆ ಪಳಗಿಸೋವರೆಗೆ ಅದರಲ್ಲಿ ಎಲ್ಲ ಅದ. ಮತ್ಸ್ಯವಿನೋದ ಅಂತ ಒಂದು ಭಾಗವೇ ಅದ. ಯಾವ ಮೀನು ಎಲ್ಲಿ ಇರ್ತದ, ಯಾವುದಕ್ಕೆ ಏನು ತಿನ್ನಿಸಬೇಕು, ಗಾಳ ಹೆಂಗೆ ಹಾಕಬೇಕು ಅಂತ. ಅರಸನಿಗೆ ಅದು ಆಟ. ನಮಗೆ ಸಾರಿನ ಮಾತು.

ಬದಲಾದದ್ದು ಪರದೇಶದ ಮೀನು, ಪರದೇಶದ ಗಿಡ ಬಂದ ಮೇಲೆ. ಇದರಲ್ಲಿ ನಮ್ಮ ಪಕ್ಕದ ಊಟಿ ಮುಂದು. ಬಂಡೀಪುರ ದಾಟಿ ನಾವು ಮದುವೆ ಆದ ಹೊಸದರಲ್ಲಿ ಟೂರ್ ಹೋಗತಿದ್ವಲ್ಲ, ಆ ಊಟಿ ಕಡೆ ಬ್ರಿಟಿಷರು 1874ರಲ್ಲೇ ಇಂಗ್ಲೆಂಡಿನ ಮೀನು ತಂದು ಬಿಟ್ಟಿದ್ದರು. 1939ರಲ್ಲಿ ಸಿಲೋನಿನಿಂದ ಸಾಮಾನ್ಯ ಗೆಂಡೆ ಬಂತು. ಅದು ಚಳಿಗೆ ಒಗ್ಗಿದ ಜಾತಿ. ನಮ್ಮಂಥ ಬಯಲು ಸೀಮೆಗೆ ಒಗ್ಗೋದು 1957ರಲ್ಲಿ ಬ್ಯಾಂಕಾಕಿನಿಂದ ಬಂತು. ಮಲೇರಿಯಾಕ್ಕೆ ಮದ್ದು ಅಂತ ಸೊಳ್ಳೆ ಮರಿ ತಿನ್ನೋ ಗ್ಯಾಂಬೂಸಿಯ ಮೀನನ್ನ 1928ರಲ್ಲಿ ಇಟಲಿಯಿಂದ ತಂದರು. ಈಗಲೂ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗೆ ಬಿಡೋದು ಅದನ್ನೇ. ತೊಟ್ಟಿಗೆ ಒಳ್ಳೇದು. ಕಟ್ಟೆಗೆ ಬಿಟ್ಟರೆ ಬೇರೆ ಮೀನಿನ ಮೊಟ್ಟೆ, ಮರಿಯನ್ನೂ ತಿಂದುಬಿಡ್ತದ.

ಎಲ್ಲಕ್ಕಿಂತ ತಂಟೆ ಮಾಡಿದ್ದು ಜಿಲೇಬಿ ಮೀನು. ತಿಲಾಪಿಯ ಅಂತಾರಲ್ಲ, ಅದು. ಆಫ್ರಿಕಾ ಮೂಲದ್ದು, 1952ರಲ್ಲಿ ನಮ್ಮ ದೇಶಕ್ಕೆ ಬಂತು. ಮೊಟ್ಟೆಯನ್ನ ಬಾಯಲ್ಲೇ ಇಟ್ಕಂಡು ಮರಿ ಮಾಡ್ತದ. ಎರಡು ಮೂರು ತಿಂಗಳಿಗೇ ಬೆಳೆದು ತಾನೂ ಮರಿ ಹಾಕ್ತದ. ಕಟ್ಟೆ ತುಂಬ ಅಂಗೈ ಅಗಲದ ಮೀನೇ ಮೀನು, ಒಂದೂ ದಪ್ಪ ಆಗದಿಲ್ಲ. ಇದನ್ನ ಕಂಡೇ 1959ರಲ್ಲಿ ಇನ್ನು ಹರಡೋದು ಬೇಡ ಅಂತ ತಿಳಿದವರು ತೀರ್ಮಾನ ಮಾಡಿದರು, ಆದರೆ ಅಷ್ಟು ಹೊತ್ತಿಗೆ ಅದು ಹರಡಿ ಆಗಿತ್ತು. ನಮ್ಮ ಕಟ್ಟೆಗೆ ಯಾರು ತಂದರೋ, ದೇವರಿಗೇ ಗೊತ್ತು. ಅದು ಬಂದ ಮೇಲೆ ಗೆಂಡೆ ಕಡಿಮೆ ಆದದ್ದನ್ನ ನಾನೇ ಕಣ್ಣಾರೆ ಕಂಡಿದ್ದೀನಿ. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಇನ್ನೂ ಕಡೆ, ಸಿಕ್ಕಿದ್ದನ್ನೆಲ್ಲ ನುಂಗ್ತದ. ಸರ್ಕಾರ ಅದನ್ನ ಸಾಕೋದನ್ನೇ ನಿಷೇಧ ಮಾಡಿ ಎಷ್ಟೋ ವರ್ಷ ಆಯ್ತು. ಬೇಗ ದುಡ್ಡು ಆಯ್ತದ ಅಂತ ಯಾರಾದ್ರೂ ಮರಿ ತಂದುಕೊಟ್ರೆ ಈಸ್ಕಬೇಡಿ.

ಕಳೆಯ ಕತೆಯೂ ಹಿಂಗೇ. ಊದಾ ಹೂ ಬಿಡೋ ಆ ಗಿಡ, ದಂಟು ಬಲೂನಿನಂಗೆ ಉಬ್ಬಿರ್ತದಲ್ಲ, ಅದು ದಕ್ಷಿಣ ಅಮೆರಿಕದ್ದು. ನಾವು ಅಂತರಗಂಗೆ ಅಂತ ಕರೀತೀವಿ, ಆದರೆ ಹಳೇ ಅಂತರಗಂಗೆ ಬೇರೆ. ಅದು ಕೋಸಿನ ಎಲೆಯಂಗೆ ಇರೋ ಸಣ್ಣ ಗಿಡ. ಈ ಊದಾ ಹೂವಿನದನ್ನ ಹೂ ಚಂದ ಅಂತ 19ನೇ ಶತಮಾನದ ಕೊನೇಲಿ ಬಂಗಾಳಕ್ಕೆ ತಂದರು. ಅಲ್ಲಿ ಹೊಳೆ, ಗದ್ದೆ, ದೋಣಿ ದಾರಿ ಎಲ್ಲ ಮುಚ್ಚಿಹೋಗಿ 1936ರಲ್ಲಿ ಅದೊಂದು ಗಿಡದ ಮೇಲೇ ಕಾನೂನು ಮಾಡಬೇಕಾಯ್ತು. ನಿಮ್ಮ ಮನೆ ಮುಂದೆ ಬೆಳೆಸಬಾರದು, ಕಂಡರೆ ಕೀಳಬೇಕು ಅಂತ. ಬಿಸಿಲು, ಗೊಬ್ಬರದ ನೀರು ಎರಡೂ ಸಿಕ್ಕರೆ ಹದಿನೈದು ದಿನದೊಳಗೆ ಒಂದಕ್ಕೆ ಎರಡಾಯ್ತದ. ಬೀಜ ಕೆಸರಲ್ಲಿ ಹದಿನೈದು ಇಪ್ಪತ್ತು ವರ್ಷ ಸಾಯದಿಲ್ಲ. ಅದಕ್ಕೇ ಹೂ ಬಿಡೋ ಮುಂಚೆ ಕೀಳಿ ಅಂತ ನಾನು ಬಡ್ಕಳದು.

ನಂಗೆ ಓದಿ ಖುಷಿ ಆದದ್ದು ಬೆಂಗಳೂರಿನ ಒಂದು ನೈದಿಲೆ ಕೊಳದ ವಿಷಯ. ಸಾಲ್ವೀನಿಯ ಅಂತ ಇನ್ನೊಂದು ತೇಲೋ ಕಳೆ ಅದ, ಎಲೆ ಮೇಲೆ ಸಣ್ಣ ಕೂದಲು. ಕೇರಳದಲ್ಲಿ ಆಫ್ರಿಕನ್ ಪಾಯಲ್ ಅಂತಾರೆ. ಸುಲ್ತಾನ್ ಬತ್ತೇರಿ ಕಡೆ ನೆಂಟರಿರೋರು ಹೆಸರು ಕೇಳಿರ್ತೀರಿ. ಅದು ಆ ಕೊಳವನ್ನೆಲ್ಲ ಮುಚ್ಚಿ ನೈದಿಲೆ ಬೆಳೆಯಕ್ಕೇ ಬಿಡ್ತಿರಲಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಆಸ್ಟ್ರೇಲಿಯಾದಿಂದ ಒಂದು ಜಾತಿ ಸಣ್ಣ ಸೊಂಡಿಲು ಹುಳು ತರಿಸಿ, ಅದು ಬೇರೆ ಬೆಳೆ ತಿನ್ನಲ್ಲ ಅಂತ ಪರೀಕ್ಷೆ ಮಾಡಿ, 1983-84ರಲ್ಲಿ ಆ ಕೊಳಕ್ಕೆ ಬಿಟ್ಟರು. ಹನ್ನೊಂದು ತಿಂಗಳಲ್ಲಿ ಕಳೆ ಹೋಯ್ತು, ನೈದಿಲೆ ಮತ್ತೆ ಎದ್ದು ಬಂತು. ಒಂದು ಹನಿ ಔಷಧಿ ಇಲ್ಲ. ಆಮೇಲೆ ಕೇರಳಕ್ಕೂ ಅದೇ ಹುಳು ಹೋಗಿ ಗದ್ದೆ, ಕಾಲುವೆ ಉಳೀತು. ಊದಾ ಹೂವಿನ ಗಿಡಕ್ಕೂ ಬೇರೆ ಹುಳು ತಂದು ಅದೇ ವರ್ಷಗಳಲ್ಲಿ ಬೆಂಗಳೂರಿನ ಸುತ್ತಿನ ಕೆರೆಗಳಿಗೆ ಬಿಟ್ಟರು. ಅಲ್ಲಿ ಮೂರು ನಾಲ್ಕು ವರ್ಷ ಹಿಡೀತು. ಆದರೆ ಪಟ್ಟಣದ ಕೊಳಚೆ ಸೇರೋ ಕೆರೇಲಿ ಹುಳು ತಿನ್ನೋದಕ್ಕಿಂತ ಗಿಡ ಬೆಳೆಯೋದೇ ಜೋರು. ನೀರಿಗೆ ಗೊಬ್ಬರ ಸೇರ್ತಾ ಇದ್ದರೆ ಯಾವ ಹುಳಾನೂ ಏನೂ ಮಾಡಕ್ಕಾಗದಿಲ್ಲ. ನಮ್ಮ ಕಡೆ ಚೆಂಡುಹೂವಿನ ಹೊಲಕ್ಕೆ, ಸಾಂಬಾರ್ ಈರುಳ್ಳಿಗೆ ಹಾಕಿದ ಯೂರಿಯಾ ಮಳೇಲಿ ತೊಳ್ಕಂಡು ಎಲ್ಲಿಗ ಹೋಯ್ತದ ಹೇಳಿ? ಕಟ್ಟೆಗೇ.

ಇನ್ನೊಂದು ಬದಲಾವಣೆ ನಮ್ಮ ಕಣ್ಣೆದುರಿಗೇ ಆದದ್ದು. ಬೋರ್‌ವೆಲ್ ಬಂತು, ಕಟ್ಟೆಗೆ ವರ್ಷವಿಡೀ ನೀರು ಬಿಡೋ ಹಂಗಾಯ್ತು. ನಂಜನಗೂಡು ತಾಲ್ಲೂಕಿನ ಆಲಂಬೂರಿನ ಹತ್ರ ಕಬಿನಿ ನೀರೆತ್ತಿ ನಮ್ಮ ಎರಡೂ ತಾಲ್ಲೂಕಿನ ಕೆರೆ ತುಂಬಿಸಿದರು. 2014-15ರಲ್ಲಿ ಕೃಷಿ ಭಾಗ್ಯ ಬಂದು ಹೊಲಕ್ಕೊಂದು ಹೊಂಡ ಆಯ್ತು. ಎಲ್ಲವೂ ಒಳ್ಳೇದೇ, ನೀರಿಲ್ಲದೆ ಪಟ್ಟ ಪಾಡು ನಾವು ಮರೆತಿಲ್ಲ. ಆದರೆ ಕಟ್ಟೆ ಒಣಗೋದು ನಿಂತು ಹೋಯ್ತು. ಒಣಗೋದು ನಿಂತ ಮೇಲೆ ತೊಳೆಯೋದೂ ನಿಂತು ಹೋಯ್ತು. ಆ ಕೆಲಸವನ್ನ ಈಗ ಬೇರೆ ಯಾರಾದ್ರೂ ಮಾಡ್ಬೇಕು.

ಅದಕ್ಕೇ ಹುಲ್ಲುಗೆಂಡೆ. ಗ್ರಾಸ್ ಕಾರ್ಪ್. ಇದು ಚೀನಾ ಮೂಲದ ಮೀನು, 1959ರಲ್ಲಿ ಹಾಂಗ್‌ಕಾಂಗಿನಿಂದ ಕಟಕ್‌ಗೆ ತಂದರು. ಅದೇ ವರ್ಷ ಜಪಾನಿನಿಂದ ಬೆಳ್ಳಿಗೆಂಡೆಯೂ ಬಂತು. ಹುಲ್ಲುಗೆಂಡೆ ನೀರೊಳಗಿನ ಕಳೆಯನ್ನ ದನದಂಗೆ ಮೇಯ್ತದ, ದಿನಕ್ಕೆ ತನ್ನ ತೂಕದಷ್ಟು ಬೇಕಾದರೂ ತಿಂತದ. ಜಿಲೇಬಿಯಂಗೆ ಹೆಚ್ಚೋ ಭಯ ಇಲ್ಲ, ಯಾಕಂದ್ರೆ ನಿಂತ ನೀರಲ್ಲಿ ಅದು ಮರಿ ಮಾಡದಿಲ್ಲ. ಬಿಟ್ಟದ್ದೆಷ್ಟೋ ಅಷ್ಟೇ. ಹಂಗಾದ್ರೆ ಮರಿ ಎಲ್ಲಿಂದ ಅಂತೀರಾ? ಕಾಟ್ಲ, ರೋಹು, ಮೃಗಾಲ್ ಕೂಡ ಹಂಗೇ, ಹರಿಯೋ ಹೊಳೆ ಬೇಕು. ಮೊದಲು ಪ್ರವಾಹದ ಹೊತ್ತಲ್ಲಿ ಹೊಳೇಲಿ ಮರಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಹೀರಾಲಾಲ್ ಚೌಧರಿ ಅನ್ನೋ ವಿಜ್ಞಾನಿ ಒಡಿಶಾದಲ್ಲಿ, ಮೀನಿನ ಮೆದುಳ ಕೆಳಗಿನ ಗ್ರಂಥಿಯ ರಸ ಚುಚ್ಚಿ ಸಾಕುಕೊಳದಲ್ಲೇ ಮೊಟ್ಟೆ ಇಡಿಸಿದರು. ಜುಲೈ 10ನ್ನ ಈಗ ಮೀನು ಕೃಷಿಕರ ದಿನ ಅಂತ ಮಾಡೋದು ಅದಕ್ಕೇ. ಇವತ್ತು ನಾವು ಪ್ಲಾಸ್ಟಿಕ್ ಚೀಲದಲ್ಲಿ ಮರಿ ತರ್ತೀವಲ್ಲ, ಅದರ ಮೂಲ ಆ ದಿನ.

ಎಷ್ಟು ಬಿಡೋದು ಅನ್ನೋದಕ್ಕೆ ಇಲಾಖೆಯವರು ಹೇಳೋ ಲೆಕ್ಕ ಹೆಕ್ಟೇರಿಗೆ 5,000 ಮರಿ, ಅಂದ್ರೆ ಎರಡು ಚದರ ಮೀಟರಿಗೆ ಒಂದು. ಇಪ್ಪತ್ತೊಂದು ಮೀಟರ್ ಚೌಕದ ಹೊಂಡ 441 ಚದರ ಮೀಟರ್ ಆಯ್ತದ, ಇನ್ನೂರು ಇನ್ನೂರಿಪ್ಪತ್ತು ಮರಿ ಸಾಕು. ಕಾಟ್ಲ ಮೇಲೆ ತಿಂತದ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಒಂದೇ ಮನೇಲಿ ಮೂರು ಪಂಕ್ತಿ ಊಟ ಹಾಕ್ದಂಗೆ, ಯಾರ ಎಲೆಗೂ ಯಾರೂ ಕೈ ಹಾಕದಿಲ್ಲ. ಹುಲ್ಲುಗೆಂಡೆ ಹತ್ತರಲ್ಲಿ ಒಂದು ಪಾಲು, ಇಪ್ಪತ್ತು ಮರಿ. ನೂರು ಬಿಡಬೇಡಿ. ಅದು ತಿಂದು ಹಾಕಿದ್ದೇ ನೀರಿಗೆ ಗೊಬ್ಬರ ಆಗಿ ಪಾಚಿಗೆ ನೀರು ಹಸಿರು ತಿರುಗ್ತದ. ಆ ಹಸಿರನ್ನ ತಿನ್ನಕ್ಕೆ ಒಂದಿಷ್ಟು ಬೆಳ್ಳಿಗೆಂಡೆ ಇರ್ಲಿ. ಮರಿ ಬೆರಳುದ್ದ ಆಗಿರಬೇಕು, ಸಣ್ಣವಾದರೆ ಕೊರವನ ಬಾಯಿಗೆ, ನೀರುಹಾವಿನ ಬಾಯಿಗೆ. ಊದಾ ಹೂವಿನ ಗಿಡವನ್ನ ಮಾತ್ರ ಹುಲ್ಲುಗೆಂಡೆ ಅಷ್ಟಾಗಿ ಮುಟ್ಟದಿಲ್ಲ. ಅದನ್ನ ಕೈಯಲ್ಲೇ ಎಳೀಬೇಕು.

ಔಷಧಿ ಹೊಡೆಯೋದು ಯಾಕೆ ಬೇಡ ಅಂತಲೂ ಹೇಳ್ತೀನಿ ತಂಗಿ, ನಿಮ್ಮೆಜಮಾನರಿಗೂ ಓದಿ ಹೇಳು. ನಮ್ಮ ಪಕ್ಕದ ಊರಲ್ಲೊಬ್ಬರು ಹೊಡೆದರು. ಕಳೆ ಸತ್ತದ್ದು ನಿಜ. ನಾಲ್ಕನೇ ದಿನ ಬೆಳಗಿನ ಜಾವ ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಿಡ್ತಾ ಇದ್ದವು, ಹೊತ್ತು ಏರೋ ಹೊತ್ತಿಗೆ ಬೆಳ್ಳಗೆ ತೇಲಿದವು. ವಿಷಕ್ಕಿಂತ ಮುಂಚೆ ಕೊಂದದ್ದು ಉಸಿರು. ಸತ್ತ ಗಿಡ ಒಂದೇ ಸಲ ಕೊಳೆತಾಗ ನೀರಲ್ಲಿರೋ ಆಮ್ಲಜನಕವನ್ನೆಲ್ಲ ಎಳ್ಕಂಬುಡ್ತದ. ರಾತ್ರಿ ಹೊತ್ತು ಬದುಕಿರೋ ಗಿಡ, ಪಾಚಿಯೂ ಅದನ್ನೇ ಉಸಿರಾಡ್ತವೆ, ಅದಕ್ಕೇ ಕೋಳಿ ಕೂಗೋ ಹೊತ್ತಲ್ಲಿ ನೀರಲ್ಲಿ ಉಸಿರು ತೀರ ಕಡಿಮೆ. ಹಂಗಂತ ಒಂದೇ ದಿನ ಎಲ್ಲ ಕಳೆ ಕಿತ್ತುಹಾಕೋದೂ ಬೇಡ. ಮೀನಿನ ಮರಿಗೆ ಅವಿತುಕೊಳ್ಳಕ್ಕೆ, ಬಿಸಿಲಿಗೆ ನೆರಳಿಗೆ ಒಂದು ಮೂಲೇಲಿ ಸ್ವಲ್ಪ ಇರ್ಲಿ. ಮೂರರಲ್ಲಿ ಒಂದು ಪಾಲು ಈ ವಾರ, ಇನ್ನೊಂದು ಪಾಲು ಮುಂದಿನ ವಾರ.

ಕಿತ್ತ ಗಿಡವನ್ನ ಏರಿ ಮೇಲೆ ಬಿಡಬೇಡಿ, ಮಳೆಗೆ ಮತ್ತೆ ಜಾರಿ ಇಳೀತದ. ನಾನು ಎರಡು ದಿನ ಬಿಸಿಲಿಗೆ ಬಾಡಿಸಿ ಬಾಳೆ ಬುಡಕ್ಕೆ ಹೊದಿಸ್ತೀನಿ, ಉಳಿದದ್ದು ಸಗಣಿ ಜೊತೆ ಗುಂಡಿಗೆ. ಹೊಲದ ಕಡೆಯಿಂದ ನೀರು ಇಳಿಯೋ ಜಾಗದಲ್ಲಿ ಹುಲ್ಲಿನ ಪಟ್ಟಿ ಬಿಟ್ಟಿದ್ದೀವಿ, ಗೊಬ್ಬರದ ನೀರು ಅಲ್ಲೇ ಸ್ವಲ್ಪ ತಡೀತದ. ಎರಡು ವರ್ಷಕ್ಕೊಂದು ಸಲ ಬೋರ್ ನೀರು ನಿಲ್ಲಿಸಿ ಕಟ್ಟೆ ಒಣಗಿಸ್ತೀವಿ. ಹೋದ ಸಲ ಒಣಗಿಸಿದಾಗ ಜಿಲೇಬಿ ಮೀನು ಮಂಕರಿಗಟ್ಟಲೆ ಸಿಕ್ತು, ಊರಿಗೆಲ್ಲ ಹಂಚಿದ್ವಿ. ಕೆಸರೊಳಗೆ ಮೂರು ಕೊರವ ಇದ್ದವು. ಅವನ್ನ ಬಿಂದಿಗೇಲಿ ಇಟ್ಟು, ನೀರು ಬಂದ ಮೇಲೆ ವಾಪಸ್ ಬಿಟ್ಟೆ. ನಮ್ಮೆಜಮಾನ್ರು "ಸಾರು ಮಾಡದು ಬುಟ್ಟು ಇದೇನಮ್ಮಿ" ಅಂತ ರೇಗಿದ್ರು. ಜಿಲೇಬಿ ಮರಿ ತಿನ್ನಕ್ಕೆ ಅವು ಬೇಕು ಅಂತ ಹೇಳ್ದೆ.

ಮರಿ ಬೇಕಾದವರು ಆಷಾಢ ಕಳೆಯೋದ್ರೊಳಗೆ ನಂಗೆ ಹೇಳಿ, ಒಟ್ಟಿಗೇ ತರಿಸ್ಕಬಹುದು. ಕಾಟ್ಲ ರೋಹು ಸುಲಭವಾಗಿ ಸಿಗ್ತವೆ, ಹುಲ್ಲುಗೆಂಡೆ ಮಾತ್ರ ಎಲ್ಲ ಸಲ ಇರದಿಲ್ಲ, ಮೊದಲೇ ಹೆಸರು ಬರೆಸಬೇಕು.