ಕಿಡಿಗೆ ಶಕ್ತಿಯೆಲ್ಲಿಂದ? ವಿಮಾನ ಎಂಜಿನ್‌ಗಳ ಇಗ್ನಿಷನ್ ಮತ್ತು 28 ವೋಲ್ಟ್‌ನ ಚರಿತ್ರೆ

ಪಿಸ್ಟನ್ ಎಂಜಿನ್ ವಿಮಾನಗಳ ಚರಿತ್ರೆಯನ್ನು ಸಾಮಾನ್ಯವಾಗಿ ರೆಕ್ಕೆ, ವೇಗ, ಅಶ್ವಶಕ್ತಿಗಳ ಲೆಕ್ಕದಲ್ಲಿ ಬರೆಯಲಾಗಿದೆ. ಸಿಲಿಂಡರಿನೊಳಗೆ ಇಂಧನವನ್ನು ಹೊತ್ತಿಸುವ ಕಿಡಿಗೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೂ ಅಷ್ಟೇ ದೀರ್ಘವಾದ ಚರಿತ್ರೆಯಿದೆ. ಮ್ಯಾಗ್ನೆಟೊ ಹಳೆಯದು, ಎಲೆಕ್ಟ್ರಾನಿಕ್ ಇಗ್ನಿಷನ್ ಹೊಸದು ಎಂಬ ವಿಂಗಡಣೆಯಿಂದ ಈ ಚರಿತ್ರೆ ಅರ್ಥವಾಗುವುದಿಲ್ಲ. ಪ್ರತಿ ಘಟ್ಟದಲ್ಲೂ ನಿರ್ಣಾಯಕವಾದದ್ದು ಕಿಡಿಯು ವಿಮಾನದ ಉಳಿದ ವಿದ್ಯುತ್ ವ್ಯವಸ್ಥೆಯನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿದೆ ಎಂಬುದೇ. ಇದು ಈ ಲೇಖನದ ವಾದ.

1. ಮ್ಯಾಗ್ನೆಟೊ ನೆಲೆಯೂರಿದ ಬಗೆ

1903ರ ಡಿಸೆಂಬರ್ 17ರಂದು ರೈಟ್ ಸಹೋದರರ ವಿಮಾನ ಹಾರಿದಾಗ ಚಾರ್ಲಿ ಟೇಲರ್ ಕಟ್ಟಿದ್ದ ಎಂಜಿನ್‌ಗೆ ಕಿಡಿ ಒದಗಿಸಿದ್ದು ಕಡಿಮೆ ವೋಲ್ಟೇಜಿನ ಮ್ಯಾಗ್ನೆಟೊ. ಎಂಜಿನ್ ಚಾಲೂ ಮಾಡಲು ಬಳಸಿದ ಬ್ಯಾಟರಿ ಮತ್ತು ಕಾಯಿಲ್ ನೆಲದ ಮೇಲೆಯೇ ಉಳಿದವು. ಅದಕ್ಕೆ ಒಂದು ವರ್ಷ ಮೊದಲು, 1902ರಲ್ಲಿ, ಜರ್ಮನಿಯ ಬಾಷ್ ಸಂಸ್ಥೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಸ್ಪಾರ್ಕ್ ಪ್ಲಗ್ ಜೊತೆ ಕೆಲಸ ಮಾಡುವ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ರೂಪಿಸಿದ್ದರು. ಎಂಜಿನ್ ತಿರುಗಿದರೆ ಆಯಸ್ಕಾಂತ ಮತ್ತು ಕಾಯಿಲ್‌ಗಳ ನಡುವಿನ ಚಲನೆಯಿಂದ ಕಿಡಿ ಹುಟ್ಟುತ್ತದೆ; ಅದಕ್ಕೆ ಬ್ಯಾಟರಿ ಬೇಕಿಲ್ಲ.

ಇದಕ್ಕೆ ದೊಡ್ಡ ಅಪವಾದ 1917ರಲ್ಲಿ ಅಮೆರಿಕದಲ್ಲಿ ವಿನ್ಯಾಸಗೊಂಡ ಲಿಬರ್ಟಿ ಎಂಜಿನ್. ಸುಮಾರು 400 ಅಶ್ವಶಕ್ತಿಯ, 12 ಸಿಲಿಂಡರುಗಳ ಈ ಎಂಜಿನ್‌ನ ಎರಡು ಸಾಲುಗಳ ನಡುವಿನ ಕೋನ 45 ಡಿಗ್ರಿ ಮಾತ್ರ. ಹೀಗಾಗಿ ಕಿಡಿಗಳ ನಡುವಿನ ಅಂತರ ಸಮನಾಗಿರಲಿಲ್ಲ. ವಿನ್ಯಾಸಕಾರರು ಮ್ಯಾಗ್ನೆಟೊ ಬಿಟ್ಟು, ಚಾರ್ಲ್ಸ್ ಕೆಟರಿಂಗ್ ಕಟ್ಟಿದ ಡೆಲ್ಕೊ ಸಂಸ್ಥೆಯ ಇಗ್ನಿಷನ್ ಆರಿಸಿದರು. ಅದಕ್ಕೆ ಆರಂಭದಲ್ಲಿ ಬ್ಯಾಟರಿ, ವೇಗ ಬಂದ ಮೇಲೆ ಜನರೇಟರ್ ಶಕ್ತಿ ಕೊಡುತ್ತಿದ್ದವು. 1919ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ದಾಟಿದ ಎನ್‌ಸಿ-4 ವಿಮಾನದಲ್ಲಿ ಇದ್ದದ್ದು ನಾಲ್ಕು ಲಿಬರ್ಟಿ ಎಂಜಿನ್‌ಗಳು. ವಿದ್ಯುತ್ ವ್ಯವಸ್ಥೆಯನ್ನು ನೆಚ್ಚಿದ ಕಿಡಿಯೂ ಸಾಗರ ದಾಟಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಆದರೂ ಮುಂದಿನ ದಶಕಗಳಲ್ಲಿ ಗೆದ್ದದ್ದು ಎರಡು ಮ್ಯಾಗ್ನೆಟೊ, ಸಿಲಿಂಡರಿಗೆ ಎರಡು ಪ್ಲಗ್‌ಗಳ ಕ್ರಮ. ಕಾರಣ ಅದರ ವೈಫಲ್ಯದ ದಿಕ್ಕಿನಲ್ಲಿದೆ. ಮ್ಯಾಗ್ನೆಟೊದಿಂದ ಕಾಕ್‌ಪಿಟ್ ಸ್ವಿಚ್‌ಗೆ ಹೋಗುವ ತಂತಿ ಇರುವುದು ಕಿಡಿಯನ್ನು ನಿಲ್ಲಿಸಲು ಮಾತ್ರ. ಆ ತಂತಿ ತುಂಡಾದರೆ ಮ್ಯಾಗ್ನೆಟೊ ಕಿಡಿ ಕೊಡುತ್ತಲೇ ಹೋಗುತ್ತದೆ. ನೆಲದ ಮೇಲೆ ಪ್ರೊಪೆಲರ್ ಮುಟ್ಟುವವರಿಗೆ ಇದು ಅಪಾಯ, ಆಕಾಶದಲ್ಲಿರುವವರಿಗೆ ರಕ್ಷೆ. ಬ್ಯಾಟರಿ ಇಗ್ನಿಷನ್‌ನಲ್ಲಿ ತಂತಿ ತುಂಡಾದರೆ ಕಿಡಿಯೇ ಇಲ್ಲ. ಬ್ಯಾಟರಿ ಬರಿದಾದರೂ ಎಂಜಿನ್ ನಡೆಯುವಂತೆ ಜನರೇಟರ್ ತಾನಾಗಿ ಶಕ್ತಿ ಒದಗಿಸಬೇಕೆಂಬ ಷರತ್ತು ಅಮೆರಿಕದ ಸಣ್ಣ ವಿಮಾನಗಳ ನಿಯಮಾವಳಿಯಲ್ಲಿ ಬಹುಕಾಲ ಇದ್ದದ್ದು ಇದೇ ಕಾರಣಕ್ಕೆ.

2. ವೋಲ್ಟೇಜ್ ಏರಿದ್ದು ಯಾಕೆ

ವಿಮಾನದಲ್ಲಿ ರೇಡಿಯೊ, ಮೋಟರು, ದೀಪಗಳು ಹೆಚ್ಚಿದಂತೆ 12 ವೋಲ್ಟ್ ಸಾಲದಾಯಿತು. 840 ವಾಟ್ ಬೇಕಿದ್ದರೆ 14 ವೋಲ್ಟ್‌ನಲ್ಲಿ 60 ಆಂಪಿಯರ್ ಹರಿಯಬೇಕು. 28 ವೋಲ್ಟ್‌ನಲ್ಲಿ 30 ಸಾಕು. ಅದೇ ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ತಂತಿ ತೆಳುವಾಗುತ್ತದೆ, ತೂಕ ಉಳಿಯುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ದೊಡ್ಡ ವಿಮಾನಗಳಲ್ಲಿ 24 ವೋಲ್ಟ್ ಬ್ಯಾಟರಿ ರೂಢಿಯಾಯಿತು. ಚಾರ್ಜ್ ಆಗುತ್ತಿರುವಾಗ ಆ ವ್ಯವಸ್ಥೆಯ ವೋಲ್ಟೇಜ್ ಸುಮಾರು 28. ಅಮೆರಿಕದ ಸೇನೆ 1959ರಲ್ಲಿ ವಿಮಾನ ವಿದ್ಯುತ್ತಿನ ಗುಣಮಟ್ಟಕ್ಕೆ ಎಂಐಎಲ್-ಎಸ್‌ಟಿಡಿ-704 ಎಂಬ ಮಾನದಂಡ ಹೊರಡಿಸಿತು. ಸಣ್ಣ ವಿಮಾನಗಳಿಗೆ ಈ ಬದಲಾವಣೆ ತಡವಾಗಿ ಬಂತು: ಸೆಸ್ನಾ 172 ವಿಮಾನ 28 ವೋಲ್ಟ್‌ಗೆ ಬದಲಾದದ್ದು 1978ರ ಮಾದರಿಯಲ್ಲಿ.

ಈ ಬದಲಾವಣೆಯಿಂದ ಮ್ಯಾಗ್ನೆಟೊಗೆ ಏನೂ ಆಗಲಿಲ್ಲ. ವಿಮಾನದ ವಿದ್ಯುತ್ತನ್ನು ಅದು ಬಳಸುತ್ತಲೇ ಇರಲಿಲ್ಲ. ಹಾಗಾಗಿಯೇ ವೋಲ್ಟೇಜಿನ ಪ್ರಶ್ನೆ ಇಗ್ನಿಷನ್‌ನ ಚರಿತ್ರೆಯಲ್ಲಿ ದಶಕಗಳ ಕಾಲ ಮರೆಯಾಗಿ ಉಳಿಯಿತು.

3. ಎಲೆಕ್ಟ್ರಾನಿಕ್ ಇಗ್ನಿಷನ್ ಎದುರಿಸಿದ ತೊಡಕು

ಮ್ಯಾಗ್ನೆಟೊದ ಕಿಡಿಯ ಸಮಯ ಸ್ಥಿರ. ಅನೇಕ ಲೈಕಮಿಂಗ್ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟುವ 25 ಡಿಗ್ರಿ ಮೊದಲು. ಎತ್ತರದಲ್ಲಿ ಸಿಲಿಂಡರಿಗೆ ಸೇರುವ ಗಾಳಿ ವಿರಳವಾಗಿ ದಹನ ನಿಧಾನವಾದಾಗ ಕಿಡಿ ಇನ್ನೂ ಮೊದಲೇ ಬಂದರೆ ಇಂಧನ ಉಳಿಯುತ್ತದೆ. ಈ ಲಾಭವೇ ಎಲೆಕ್ಟ್ರಾನಿಕ್ ಇಗ್ನಿಷನ್‌ನ ಆಕರ್ಷಣೆ. ಮೊದಲಿಗೆ ಅದು ಹರಡಿದ್ದು ಸ್ವಂತವಾಗಿ ವಿಮಾನ ಕಟ್ಟುವವರಲ್ಲಿ. 1990ರ ದಶಕದಲ್ಲಿ ಯೂನಿಸನ್ ಸಂಸ್ಥೆಯ ಲೇಸರ್ ಎಂಬ ವ್ಯವಸ್ಥೆ ಅಮೆರಿಕದಲ್ಲಿ ಪ್ರಮಾಣೀಕೃತವಾಯಿತು. ಅದರ ಎಲೆಕ್ಟ್ರಾನಿಕ್ ಭಾಗ ಕೈಕೊಟ್ಟರೆ ಕಿಡಿ ಮ್ಯಾಗ್ನೆಟೊಗೆ ಮರಳುತ್ತಿತ್ತು.

12 ವೋಲ್ಟ್‌ಗೆಂದು ಮಾಡಿದ ಸಾಧನವನ್ನು 28 ವೋಲ್ಟ್ ವಿಮಾನದಲ್ಲಿ ನಡೆಸುವಾಗ ಏನಾಗುತ್ತದೆ? ಕಾಯಿಲ್‌ನ ರೋಧ 3 ಓಮ್ ಎಂದುಕೊಳ್ಳೋಣ. 12 ವೋಲ್ಟ್‌ನಲ್ಲಿ ಗರಿಷ್ಠ 4 ಆಂಪಿಯರ್, 48 ವಾಟ್ ಶಾಖ. 24 ವೋಲ್ಟ್‌ನಲ್ಲಿ 8 ಆಂಪಿಯರ್, 192 ವಾಟ್. ಪ್ರವಾಹವನ್ನು ಅಥವಾ ಕಾಯಿಲ್ ತುಂಬುವ ಕಾಲವನ್ನು ಮಿತಿಗೊಳಿಸದಿದ್ದರೆ ಕಾಯಿಲ್ ಸುಡುತ್ತದೆ. ಕೆಪಾಸಿಟರ್ ಬಗೆಯ ಇಗ್ನಿಷನ್‌ನಲ್ಲಿ ಒಳಗಿನ ಪರಿವರ್ತಕವೇ ವೋಲ್ಟೇಜನ್ನು ಕೆಲವು ನೂರಕ್ಕೆ ಏರಿಸುವುದರಿಂದ, ಅದನ್ನು ಎರಡೂ ವ್ಯವಸ್ಥೆಗೆ ಹೊಂದುವಂತೆ ಕಟ್ಟುವುದು ಸುಲಭ.

ಹಾಗೆ ಕಟ್ಟದ ಸಾಧನಗಳಿಗೆ ಕಂಡುಕೊಂಡ ದಾರಿಗಳು ಒಂದೊಂದೂ ಹೊಸ ಅವಲಂಬನೆಯನ್ನು ತಂದವು. 24 ವೋಲ್ಟ್ ಬ್ಯಾಟರಿ ಜೋಡಿಯ ನಡುವಿನಿಂದ 12 ವೋಲ್ಟ್ ಎಳೆದರೆ ಒಂದು ಅರ್ಧ ಬೇಗ ಬರಿದಾಗಿ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ, ಎರಡೂ ಕೆಡುತ್ತವೆ. ವೋಲ್ಟೇಜ್ ಇಳಿಸುವ ಪರಿವರ್ತಕ ಹಾಕಬಹುದು. ಆದರೆ ಎರಡು ಇಗ್ನಿಷನ್‌ಗಳಿಗೆ ಒಂದೇ ಪರಿವರ್ತಕವಿದ್ದರೆ ಅದರ ಒಂದು ದೋಷ ಎರಡನ್ನೂ ನಿಲ್ಲಿಸುತ್ತದೆ. ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಇಟ್ಟರೆ ಅದನ್ನು ಚಾರ್ಜ್ ಮಾಡಲು ಮತ್ತೆ ಪರಿವರ್ತಕವೇ ಬೇಕು, ಜೊತೆಗೆ ಅದರ ಆರೋಗ್ಯವನ್ನು ಪರೀಕ್ಷಿಸುವ ಶಿಸ್ತೂ ಬೇಕು. ಅನೇಕರು ಒಂದು ಮ್ಯಾಗ್ನೆಟೊವನ್ನು ಹಾಗೇ ಉಳಿಸಿಕೊಂಡದ್ದು ಈ ಕಾರಣಕ್ಕೆ. ಅದನ್ನು ಹಳೆಯದರ ಮೋಹ ಎನ್ನಲಾಗದು.

4. ರೋಟಾಕ್ಸ್ ಮತ್ತು ಬೆಂಗಳೂರಿನ ಹಂಸ

ಆಸ್ಟ್ರಿಯಾದ ರೋಟಾಕ್ಸ್ ಬೇರೆ ದಾರಿ ಹಿಡಿಯಿತು. ಅದರ 912 ಎಂಜಿನ್‌ನ ಎರಡು ಎಲೆಕ್ಟ್ರಾನಿಕ್ ಇಗ್ನಿಷನ್‌ಗಳಿಗೆ ಶಕ್ತಿ ಬರುವುದು ಎಂಜಿನ್‌ನಲ್ಲೇ ಅಡಕವಾದ ಜನರೇಟರಿನ ಮೀಸಲು ಸುರುಳಿಗಳಿಂದ. ವಿಮಾನದ ಬ್ಯಾಟರಿ ಸತ್ತರೂ ಕಿಡಿ ನಿಲ್ಲದು. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್ಎಎಲ್, ವಿನ್ಯಾಸಗೊಳಿಸಿದ ತರಬೇತಿ ವಿಮಾನ ಹಂಸ-3ರಲ್ಲಿರುವುದು ಇದೇ ಕುಟುಂಬದ 914 ಎಂಜಿನ್. 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿದ ಹಂಸ-ಎನ್‌ಜಿಯಲ್ಲಿ 912 ಐಎಸ್ ಎಂಜಿನ್ ಇದೆ. ಅದರಲ್ಲಿ ಇಂಧನ ಸಿಂಪಡಣೆಯೂ ವಿದ್ಯುತ್ತನ್ನೇ ನೆಚ್ಚಿದೆ. ಆದ್ದರಿಂದ ಎಂಜಿನ್‌ಗೆ ಒಂದು, ವಿಮಾನಕ್ಕೆ ಒಂದು ಎಂದು ಎರಡು ಜನರೇಟರುಗಳಿವೆ. ಮೊದಲನೆಯದು ಕೆಟ್ಟರೆ ಎರಡನೆಯದು ಎಂಜಿನ್ನಿನ ಭಾರ ಹೊರುತ್ತದೆ.

5. ಸಮಾರೋಪ

ಲಿಬರ್ಟಿಯ ಬ್ಯಾಟರಿ ಇಗ್ನಿಷನ್ ಮತ್ತು 912ರ ಮೀಸಲು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾಲಾನುಕ್ರಮವೇ ತಲೆಕೆಳಗಾಗುತ್ತದೆ: ಸ್ವಾತಂತ್ರ್ಯದ ದೃಷ್ಟಿಯಿಂದ ಎಲೆಕ್ಟ್ರಾನಿಕ್ ಆದ 912 ಮ್ಯಾಗ್ನೆಟೊಗೆ ಹತ್ತಿರ, 1917ರ ಲಿಬರ್ಟಿ ದೂರ. 28 ವೋಲ್ಟ್ ವಿಮಾನಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸುವವರೂ ಇದೇ ಅಳತೆಗೋಲು ಹಿಡಿಯಬೇಕು. ಎರಡು ಇಗ್ನಿಷನ್‌ಗಳಿಗೂ ಸಮಾನವಾದ ಒಂದೇ ಒಂದು ತಂತಿ, ಫ್ಯೂಸ್, ಪರಿವರ್ತಕ ಅಥವಾ ಭೂಸಂಪರ್ಕ ಎಲ್ಲಾದರೂ ಇದೆಯೇ? ಇದ್ದರೆ ಅಲ್ಲಿ ಇರುವುದು ಎರಡು ಇಗ್ನಿಷನ್‌ಗಳಲ್ಲ, ಒಂದೇ.